ಉಂಡು ಓಡಬೇಕೋ, ಓಡಿ ಉಣ್ಣಬೇಕೋ?

ನಮ್ಮ ಕೊಲ್ಹಾರದ ಗಡಿಗೆ ಮೊಸರು ಗೊತ್ತಲ್ಲ ಮಕ್ಕಳೇ? ವಿಜಯಪುರ–ಬಾಗಲಕೋಟೆ ದಾರಿಯಲ್ಲಿ ಹೋಗುವವರು ಇಲ್ಲಿ ಇಳಿದು ಕೊಳ್ಳದೆ ಮುಂದೆ ಹೋಗುವುದು ಕಡಿಮೆ. ಇಂಥ ಊರಿನಲ್ಲಿ ಓಡುವವರಿಗೆ ಹೊತ್ತಿನ ಲೆಕ್ಕ ಬೇಕೇ ಬೇಕು.

ಹೊಟ್ಟೆತುಂಬ ರೊಟ್ಟಿ, ಮೊಸರು ಉಂಡಾಗ ಅರಗಿಸಲೆಂದು ರಕ್ತ ಕರುಳಿನ ಕಡೆ ಹೆಚ್ಚು ಹರಿಯುತ್ತದೆ. ಆಗಲೇ ಓಡಿದರೆ ಕಾಲಿನ ಸ್ನಾಯುಗಳೂ ರಕ್ತ ಕೇಳುತ್ತವೆ. ಬ್ಯಾಂಕಿನ ಒಂದೇ ಕೌಂಟರಿಗೆ ಎರಡು ಪಾಳಿ ನಿಂತಂತೆ! ಹೊಟ್ಟೆ ತೊಳಸುತ್ತದೆ, ಪಕ್ಕೆ ಹಿಡಿಯುತ್ತದೆ. ದೊಡ್ಡ ಊಟವಾದರೆ 2–3 ತಾಸು ಬಿಟ್ಟು ಖೊಖೊ ಆಡಿರಿ. ಬರೀ ಬಾಳೆಹಣ್ಣಾದರೆ ಅರ್ಧ ತಾಸು ಸಾಕು. ಗರಡಿಮನೆ ಪೈಲ್ವಾನರೂ ನಸುಕಿನಲ್ಲಿ ಸಾಮು ಮುಗಿಸಿಯೇ ಹಾಲು, ಬಾದಾಮಿ ಮುಟ್ಟುತ್ತಿದ್ದರು.

ಅಜ್ಜ-ಅಜ್ಜಿಯರ ಖಾತೆ ಬೇರೆ. ಊಟವಾದ ಮೇಲೆ 10–15 ನಿಮಿಷ ಅಂಗಳದಲ್ಲಿ ಸಾವಕಾಶ ಅಡ್ಡಾಡಿದರೆ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಗುಳಿಗೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಬಿರುಸಾಗಿ ನಡೆದರೆ ಸಕ್ಕರೆ ಕುಸಿದು ಕೈ ನಡುಗಿ, ಬೆವರಿ, ತಲೆ ತಿರುಗಬಹುದು. ಡಾಕ್ಟರರನ್ನು ಕೇಳಿಯೇ ಹೊರಡಬೇಕು, ಕಿಸೆಯಲ್ಲಿ ಸಕ್ಕರೆ ಪುಡಿಕೆ ಇರಬೇಕು.

ಮೊಮ್ಮಕ್ಕಳೇ, ನಾಳೆ ನಸುಕಿಗೆ ಅಜ್ಜ ಹೊರಟಾಗ ಆ ಕಿಸೆ ಮುಟ್ಟಿ ನೋಡುವ ಕೆಲಸ ನಿಮ್ಮದು.