ಹೊರಗಿನಿಂದ ಬಂದ ಹಳೆಯ ವಾಹನ: ಪರೀಕ್ಷೆ ಯಾರಿಗಾಗಿ?

ಹಳೆಯ ವಾಹನವೊಂದು ಹೊಸ ಯಜಮಾನನ ಕೈಗೆ ಬಂದಾಗ ಅದಕ್ಕೆ ಸಲ್ಲುವ ಮೊದಲ ಉಪಚಾರ ಬಣ್ಣದ್ದು. ಮೈಮೇಲಿನ ತಗ್ಗುಗಳನ್ನು ತುಂಬಿ, ಉಜ್ಜಿ, ಹೊಳಪು ಕೊಟ್ಟು, ಆಸನಗಳಿಗೆ ಹೊಸ ಹೊದಿಕೆ ತೊಡಿಸಿ, ಅದನ್ನು ಪ್ರಾದೇಶಿಕ ಸಾರಿಗೆ ಕಚೇರಿಯ ಅಂಗಳಕ್ಕೆ ಒಯ್ಯುತ್ತಾರೆ. ಬ್ರೇಕು, ದೀಪ, ಟೈರುಗಳ ಸರದಿ ಬರುವುದು ನಿರೀಕ್ಷಕರು ಆಕ್ಷೇಪವೆತ್ತಿದ ಮೇಲೆ. ತಪಾಸಣೆಯ ದಿನಕ್ಕೆಂದು ಒಳ್ಳೆಯ ಟೈರುಗಳನ್ನು ಎರವಲು ತಂದು ಜೋಡಿಸಿ, ಎಫ್.ಸಿ. ಎಂದು ಜನರು ಕರೆಯುವ ಅರ್ಹತಾ ಪತ್ರ ಕೈಸೇರಿದ ಸಂಜೆಯೇ ಅವನ್ನು ಬಿಚ್ಚಿ ಹಿಂದಿರುಗಿಸುವ ಪದ್ಧತಿಯೂ ಅಲ್ಲಲ್ಲಿ ಉಂಟು. ಮದುವೆಯ ಮನೆಗೆ ಎರವಲು ಒಡವೆ ತೊಟ್ಟು ಹೋದಂತೆ ಇದು. ಆದರೆ ಒಡವೆಯಿಲ್ಲದ ಕೊರಳಿನಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಸವೆದ ಟೈರಿನಿಂದ ಉಂಟು. ವಾಹನವನ್ನು ಪರೀಕ್ಷೆಗೆ ಅಣಿಗೊಳಿಸುವುದೆಂದರೆ ನಿರೀಕ್ಷಕರ ಕಣ್ಣಿಗಾಗಿ ಸಿಂಗರಿಸುವುದಲ್ಲ, ರಸ್ತೆಗಾಗಿ ಸಿದ್ಧಪಡಿಸುವುದು ಎಂಬ ಸರಳವಾದ ಮಾತನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಹಳೆಯ ವಾಹನಗಳ ವಲಸೆ ಇಂದು ಲೋಕವ್ಯಾಪಿಯಾದ ವ್ಯಾಪಾರ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2015ರಿಂದ 2018ರ ವರೆಗೆ ಐರೋಪ್ಯ ಒಕ್ಕೂಟ, ಜಪಾನ್ ಮತ್ತು ಅಮೆರಿಕಗಳಿಂದ 1 ಕೋಟಿ 40 ಲಕ್ಷದಷ್ಟು ಬಳಸಿದ ಲಘು ವಾಹನಗಳು ಹೊರದೇಶಗಳಿಗೆ ಹೋದವು. ಅವುಗಳಲ್ಲಿ ಶೇಕಡ 80ರಷ್ಟು ಬಡ ಹಾಗೂ ಮಧ್ಯಮ ವರಮಾನದ ದೇಶಗಳ ಪಾಲಾದವು. ಭಾರತ ಈ ಬಾಗಿಲನ್ನು ಬಹು ಕಿರಿದಾಗಿ ತೆರೆದಿದೆ. ಬಳಸಿದ ಮೋಟಾರು ಕಾರನ್ನು ಹೊರದೇಶದಿಂದ ತರುವುದಾದರೆ ಅದು ತಯಾರಾಗಿ ಮೂರು ವರ್ಷಕ್ಕಿಂತ ಹೆಚ್ಚಾಗಿರಬಾರದು, ಚುಕ್ಕಾಣಿ ಬಲಗಡೆಗಿರಬೇಕು, ವೇಗಮಾಪಕ ಕಿಲೋಮೀಟರುಗಳಲ್ಲಿ ವೇಗವನ್ನು ತೋರಿಸಬೇಕು, ಮುಂದೀಪದ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಿಕೊಂಡಿರಬೇಕು, ಇನ್ನು ಐದು ವರ್ಷವಾದರೂ ರಸ್ತೆಯಲ್ಲಿ ಓಡಲು ಯೋಗ್ಯವಾಗಿರಬೇಕು.

ಈ ನಿಬಂಧನೆಗಳನ್ನು ಕಾಗದದ ಕಿರುಕುಳವೆಂದು ತಿಳಿಯುವವರುಂಟು. ಒಂದೊಂದರ ಹಿಂದೆಯೂ ಭೌತಶಾಸ್ತ್ರದ ಒಂದು ಕಾರಣವಿರುವುದನ್ನು ಅವರು ಗಮನಿಸಿಲ್ಲ. ಮೈಲಿಗಳಲ್ಲಿ ಗುರುತು ಮಾಡಿದ ವೇಗಮಾಪಕ 60 ಎಂದು ತೋರಿಸುವಾಗ ವಾಹನ ಓಡುತ್ತಿರುವುದು ಗಂಟೆಗೆ 96 ಕಿಲೋಮೀಟರು ವೇಗದಲ್ಲಿ. ಕೊಲ್ಲಿಯ ದೇಶಗಳಲ್ಲಿ ಸಂಚಾರ ಬಲಬದಿಯದು, ಚುಕ್ಕಾಣಿ ಎಡಗಡೆಯದು. ಅಲ್ಲಿಂದ ತಂದ ವಾಹನದ ಚಾಲಕನು ನಮ್ಮ ರಸ್ತೆಯಲ್ಲಿ ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದರೆ, ಎದುರಿನಿಂದ ಬರುವುದನ್ನು ಕಾಣುವ ಮೊದಲೇ ಅರ್ಧ ವಾಹನವನ್ನು ಬಲಕ್ಕೆ ಚಾಚಬೇಕಾಗುತ್ತದೆ.

ಇಷ್ಟು ಕಿರಿದಾದ ಬಾಗಿಲಿನಿಂದಾಗಿ, ಮಂಡ್ಯ ಸೀಮೆಯ ಹಳ್ಳಿಗೆ ಹೊರದೇಶದ ಹಳೆಯ ಕಾರು ಬರುವುದು ಅಪರೂಪ. ನಮ್ಮಲ್ಲಿಗೆ ಹೊರಗಿನಿಂದ ಬರುವ ಹಳೆಯ ವಾಹನವೆಂದರೆ ಹೊರರಾಜ್ಯದ್ದು. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ನ್ಯಾಯಾಲಯವೇ ಆ ಬಿಗಿಯನ್ನು ಸಡಿಲಿಸಿತಾದರೂ, ನಡುವಣ ವರ್ಷಗಳಲ್ಲಿ ಅಲ್ಲಿ ಬೆಲೆ ಕಳೆದುಕೊಂಡ ಕಾರುಗಳು ಬೇರೆ ರಾಜ್ಯಗಳಿಗೆ ಹರಿದು ಬಂದವು. ಇಂಥ ವಾಹನವನ್ನು ಕೊಂಡವನು ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿನ ತೆರಿಗೆ ಕಟ್ಟಬೇಕು, ಎಂಜಿನು ಮತ್ತು ಚಾಸಿಯ ಸಂಖ್ಯೆಗಳನ್ನು ತಾಳೆ ನೋಡಿಸಬೇಕು, ಹನ್ನೆರಡು ತಿಂಗಳು ಮೀರಿ ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಮಂಡ್ಯದಲ್ಲಿ ಅದು ಕೆ.ಎ. 11ರ ಸಾಲಿಗೆ ಸೇರುತ್ತದೆ. ಕಾಗದಗಳ ಕೆಲಸ ಇಲ್ಲಿಗೆ ಮುಗಿಯಿತು. ವಾಹನದ ಕೆಲಸ ಇಲ್ಲಿಂದ ಆರಂಭವಾಗಬೇಕು.

ಏಕೆಂದರೆ ಅದು ಓಡಬೇಕಾದ ರಸ್ತೆ ಎಂಥದು ನೋಡಿ. ಮಂಡ್ಯದ ಬಳಿಯ ಯಲಿಯೂರಿನಂಥ ಹೆದ್ದಾರಿಯ ಮಗ್ಗುಲಿನ ಊರನ್ನು ತೆಗೆದುಕೊಳ್ಳಿ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ನಡುದಾರಿಯಲ್ಲಿ ಕಾರುಗಳು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಸಾಗುತ್ತವೆ. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರ್ಯಾಕ್ಟರುಗಳಿಗೂ ಆ ನಡುದಾರಿಯಲ್ಲಿ ಪ್ರವೇಶ ತಪ್ಪಿತು; ಅವುಗಳೆಲ್ಲ ಪಕ್ಕದ ಸೇವಾ ರಸ್ತೆಗೆ ಇಳಿದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾದಂದಿನಿಂದ ಕಬ್ಬಿನ ಗಾಡಿ ಈ ಸೀಮೆಯ ರಸ್ತೆಗಳ ಒಡನಾಡಿ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರು, ಎತ್ತಿನ ಗಾಡಿ, ಸೈಕಲ್ಲು, ಶಾಲೆಯ ಮಕ್ಕಳು, ಹಾಲಿನ ಕ್ಯಾನು ಹೊತ್ತ ಸ್ಕೂಟರು, ಜೊತೆಗೆ ನಮ್ಮ ಹೊರರಾಜ್ಯದ ಹಳೆಯ ಕಾರು, ಎಲ್ಲವೂ ಒಂದೇ ಕಿರಿದಾದ ದಾರಿಯನ್ನು ಹಂಚಿಕೊಳ್ಳುತ್ತವೆ. ವಾಹನದ ಯೋಗ್ಯತೆಯನ್ನು ಅಳೆಯಬೇಕಾದುದು ಈ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲು ದೀಪ. ತಗ್ಗಿಸಿದ ಮುಂದೀಪದ ಬೆಳಕು ಎರಡೂ ಕಡೆ ಒಂದೇ ಸಮನಾಗಿರುವುದಿಲ್ಲ. ನಮ್ಮಲ್ಲಿ ಅದರ ಎಡ ಅಂಚು ಸ್ವಲ್ಪ ಮೇಲೇರಿ ರಸ್ತೆಯ ಬದಿಯ ಪಾದಚಾರಿಯನ್ನು ತೋರಿಸುತ್ತದೆ. ಬಲ ಅಂಚು ತಗ್ಗಿ ಎದುರಿನ ಚಾಲಕನ ಕಣ್ಣನ್ನು ಕಾಪಾಡುತ್ತದೆ. ಬಲಬದಿಯ ಸಂಚಾರದ ದೇಶದ ದೀಪವನ್ನು ಇಲ್ಲಿ ಬಳಸಿದರೆ ಇದು ತಿರುಗುಮುರುಗಾಗಿ, ಬೆಳಕು ಬೇಕಾದ ಕಡೆ ಕತ್ತಲು, ಕತ್ತಲು ಬೇಕಾದ ಕಡೆ ಬೆಳಕು ಬೀಳುತ್ತದೆ. ಇಲ್ಲಿಯ ದೀಪವೇ ಆದರೂ ಅದರ ಕೂರಿಕೆ ಒಂದೇ ಒಂದು ಡಿಗ್ರಿ ಮೇಲಕ್ಕೆದ್ದಿದ್ದರೆ, 50 ಮೀಟರು ದೂರದಲ್ಲಿ ಬೆಳಕು ಇರಬೇಕಾದುದಕ್ಕಿಂತ 87 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಎಂದರೆ ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಎದುರಿನಿಂದ ಬರುವ ಸ್ಕೂಟರಿನವನ ಕಣ್ಣಿಗೆ ಹೊಡೆಯುತ್ತದೆ. ಇದನ್ನು ಸರಿಪಡಿಸಲು ಬೇಕಾದುದು ಒಂದು ಗೋಡೆ, ಒಂದು ಸೀಮೆಸುಣ್ಣದ ತುಂಡು, ಒಂದು ತಿರುಪುಳಿ, ಹತ್ತು ನಿಮಿಷದ ತಾಳ್ಮೆ. ಹೊಳಪಿನ ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಈ ಹತ್ತು ನಿಮಿಷವನ್ನು ಕೊಡಲಾರರು.

ಎರಡನೆಯದು ಬ್ರೇಕು. ಒಂದು ಟನ್ ತೂಕದ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು 139 ಕಿಲೋಜೂಲ್. ಅರ್ಧ ಲೀಟರಿಗೆ ಸ್ವಲ್ಪ ಕಡಮೆ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಕಾರು ನಿಲ್ಲಬೇಕಾದರೆ ಅಷ್ಟೂ ಶಕ್ತಿ ಕೆಲವೇ ಸೆಕೆಂಡುಗಳಲ್ಲಿ ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡಬೇಕು. ಬ್ರೇಕು ಚೆನ್ನಾಗಿದ್ದು ವೇಗವನ್ನು ಪ್ರತಿ ಸೆಕೆಂಡಿಗೆ 6 ಮೀಟರಿನಷ್ಟು ತಗ್ಗಿಸಬಲ್ಲುದಾದರೆ ಈ ಕಾರು 23 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿನ ಬಲ ಅರ್ಧವಾಗಿದ್ದರೆ 46 ಮೀಟರು ಬೇಕು. ಚಾಲಕನಿಗೆ ಅಪಾಯ ಹೊಳೆದು ಕಾಲು ಒತ್ತುವಷ್ಟರಲ್ಲಿ, ಒಂದು ಸೆಕೆಂಡಿನಲ್ಲಿಯೇ, ಕಾರು 17 ಮೀಟರು ಮುಂದೆ ಹೋಗಿರುತ್ತದೆ. ಅದನ್ನು ಎರಡು ಲೆಕ್ಕಕ್ಕೂ ಕೂಡಿಸಿಕೊಳ್ಳಬೇಕು. 23 ಮತ್ತು 46ರ ನಡುವಣ ಅಂತರದಲ್ಲಿ ರಸ್ತೆ ದಾಟುವ ಮಗುವೊಂದು ಇದ್ದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ವಾಹನದಲ್ಲಿ ಬ್ರೇಕಿನ ಒಂದು ದೋಷ ಕಣ್ಣಿಗೆ ಕಾಣುವುದೇ ಇಲ್ಲ. ಬ್ರೇಕಿನ ದ್ರವ ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಡಾಟ್ 3 ವರ್ಗದ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯದಿದ್ದರೆ, ತೇವ ಹೀರಿದ ದ್ರವಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಸಾರಿಗೆ ಕಚೇರಿಯ ಅಂಗಳದಲ್ಲಿ ನಿಧಾನವಾಗಿ ಓಡಿಸಿ ತೋರಿಸುವಾಗ ಇದರಿಂದ ಯಾವ ತೊಂದರೆಯೂ ಕಾಣದು. ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕು ಒತ್ತಿ ಶಾಖವೇರಿದಾಗ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಆವಿ ಒತ್ತಡಕ್ಕೆ ಕುಗ್ಗುವುದರಿಂದ ಕಾಲಿನ ಬಲ ಚಕ್ರಕ್ಕೆ ತಲಪುವುದಿಲ್ಲ. ಹೊರಗಿನಿಂದ ತಂದ ವಾಹನಕ್ಕೆ ಮಾಡಿಸಬೇಕಾದ ಮೊದಲ ಖರ್ಚು ಈ ದ್ರವವನ್ನು ಪೂರ್ತಿಯಾಗಿ ಬದಲಾಯಿಸುವುದು. ಅದಕ್ಕೆ ತಗಲುವ ಹಣವೂ ಬಹಳವಲ್ಲ.

ಮೂರನೆಯದು ಟೈರು. ಕಾರು, ಲಾರಿಗಳ ಟೈರಿನ ಗಾಡಿಯ ಆಳ 1.6 ಮಿಲಿಮೀಟರಿಗಿಂತ ಕಡಮೆಯಿರಬಾರದೆಂದು ನಮ್ಮ ನಿಯಮ ಹೇಳುತ್ತದೆ. ಮಳೆಗಾಲದಲ್ಲಿ ಚಕ್ರದಡಿಯ ನೀರು ಹೊರಹೋಗುವುದು ಈ ಗಾಡಿಗಳ ಮೂಲಕ. ಅವು ಸವೆದರೆ ಚಕ್ರ ನೆಲವನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಗಾಡಿ ಆಳವಾಗಿದ್ದರೂ ವಯಸ್ಸಾದ ರಬ್ಬರು ಗಡಸಾಗಿ ಬಿರುಕು ಬಿಡುತ್ತದೆ. ಟೈರಿನ ಮಗ್ಗುಲಲ್ಲಿ ಒತ್ತಿರುವ ನಾಲ್ಕು ಅಂಕೆಗಳನ್ನು ಓದಲು ಎಲ್ಲರೂ ಕಲಿಯಬೇಕು. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಮಾರುವವನು ಹೇಳುವ ವಯಸ್ಸಿಗಿಂತ ಈ ಅಂಕೆಗಳು ಹೆಚ್ಚು ನಂಬಿಕೆಗೆ ಅರ್ಹ.

ನಾಲ್ಕನೆಯದು ಹೊಗೆ. ಡೀಸೆಲ್ ಹೊಗೆ ಬೆಳಕನ್ನು ಎಷ್ಟು ಹೀರುತ್ತದೆಂಬುದನ್ನು ಯಂತ್ರ ಅಳೆಯುತ್ತದೆ. ಬಿ.ಎಸ್. 4ಕ್ಕಿಂತ ಹಿಂದಿನ ವಾಹನಗಳಿಗೆ ಈ ಗುಣಾಂಕದ ಮಿತಿ ಮೀಟರಿಗೆ 2.45, ಬಿ.ಎಸ್. 4 ವಾಹನಗಳಿಗೆ 1.62. ಪರೀಕ್ಷೆಯ ದಿನ ಪಂಪಿನ ತಿರುಪನ್ನು ಬಿಗಿದು ಎಂಜಿನಿಗೆ ಹೋಗುವ ಡೀಸೆಲನ್ನು ತಗ್ಗಿಸಿ, ಮಾರನೆಯ ದಿನ ಹಿಂದಿನಂತೆಯೇ ಬಿಡುವ ಜಾಣತನವನ್ನು ಬಲ್ಲವರಿದ್ದಾರೆ. ಕಟ್ಟಿಕೊಂಡ ಗಾಳಿಸೋಸುಕವನ್ನು ಬದಲಿಸಿ, ಇಂಜೆಕ್ಟರುಗಳನ್ನು ಸರಿಪಡಿಸಿದರೆ ಹೊಗೆಯೂ ತಗ್ಗುತ್ತದೆ, ಡೀಸೆಲೂ ಉಳಿಯುತ್ತದೆ. ಜಾಣತನದಿಂದ ಉಳಿಯುವುದು ಒಂದು ಕಾಗದ ಮಾತ್ರ.

ಇಂಥ ಜಾಣತನಕ್ಕೆ ಎಡೆಗೊಡದಂತೆ ಪರೀಕ್ಷೆಯನ್ನು ಯಂತ್ರಗಳಿಗೆ ಒಪ್ಪಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು. ಉರುಳೆಗಳ ಮೇಲೆ ಚಕ್ರ ತಿರುಗಿಸಿ ಪ್ರತಿಯೊಂದು ಬ್ರೇಕಿನ ಬಲವನ್ನೂ, ಉಪಕರಣದ ಮುಂದೆ ನಿಲ್ಲಿಸಿ ದೀಪದ ಕೂರಿಕೆಯನ್ನೂ ಅಳೆಯುವ ಸ್ವಯಂಚಾಲಿತ ಕೇಂದ್ರಗಳು ಒಳ್ಳೆಯ ಹೆಜ್ಜೆಯೇ ಸರಿ. ಬ್ರಿಟನ್ನಿನಲ್ಲಿ 1960ರಲ್ಲಿ ಹತ್ತು ವರ್ಷ ಮೀರಿದ ವಾಹನಗಳಿಗೆ ವಾರ್ಷಿಕ ಪರೀಕ್ಷೆ ಆರಂಭವಾದಾಗ ನೋಡುತ್ತಿದ್ದುದು ಬ್ರೇಕು, ಚುಕ್ಕಾಣಿ, ದೀಪ ಇಷ್ಟನ್ನೇ. 1967ರ ಹೊತ್ತಿಗೆ ಮೂರು ವರ್ಷ ತುಂಬಿದ ವಾಹನಗಳಿಗೂ ಅದು ಅನ್ವಯಿಸಿತು. ಅಲ್ಲಿಯೂ ಬಣ್ಣವನ್ನು ಯಾರೂ ಪರೀಕ್ಷಿಸಲಿಲ್ಲ. ಆದರೆ ಯಂತ್ರವಾದರೂ ಒಂದು ದಿನದ ಸ್ಥಿತಿಯನ್ನು ಮಾತ್ರ ಅಳೆಯಬಲ್ಲುದು. ಎರವಲು ತಂದ ಟೈರನ್ನು ಅದು ಎರವಲೆಂದು ಗುರುತಿಸದು. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಪರೀಕ್ಷೆ. ಸ್ವಂತ ಬಳಕೆಯ ಕಾರಿಗಾದರೋ ನೋಂದಣಿಯ ಹದಿನೈದು ವರ್ಷ ತುಂಬಿದ ಮೇಲೆಯೇ ನವೀಕರಣದ ಪರೀಕ್ಷೆ. ಉಳಿದ ಎಲ್ಲ ದಿನಗಳಲ್ಲಿ ವಾಹನದ ನಿರೀಕ್ಷಕನು ಅದರ ಯಜಮಾನನೇ.

ಇದಕ್ಕೆ ಒಂದು ಆಕ್ಷೇಪಣೆಯಿದೆ, ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಹಳೆಯ ವಾಹನವನ್ನು ಕೊಳ್ಳುವವನು ಬಡವ ಇಲ್ಲವೆ ಸಣ್ಣ ಹಿಡುವಳಿಯ ರೈತ. ಪರೀಕ್ಷೆ ಬಿಗಿಯಾದಷ್ಟೂ ಅವನ ಜೀವನೋಪಾಯಕ್ಕೆ ಪೆಟ್ಟು ಬೀಳುತ್ತದೆ ಎನ್ನುತ್ತಾರೆ. ಆದರೆ ಸೇವಾ ರಸ್ತೆಯಲ್ಲಿ ನಡೆದು ಹೋಗುವವನೂ ಸೈಕಲ್ಲು ತುಳಿಯುವವನೂ ಅವನಿಗಿಂತ ಬಡವರು ಎಂಬುದನ್ನು ಮರೆಯಬಾರದು. ಮೇಲೆ ಹೇಳಿದ ಕೆಲಸಗಳಲ್ಲಿ ಟೈರೊಂದನ್ನು ಬಿಟ್ಟರೆ ಉಳಿದವು ಸಾಮಾನ್ಯವಾಗಿ ಬಣ್ಣದ ಖರ್ಚನ್ನು ಮೀರಲಾರವು. ಹಣದ ಕೊರತೆಗಿಂತ ಹಣ ಎಲ್ಲಿ ಸಲ್ಲಬೇಕೆಂಬ ತಿಳಿವಳಿಕೆಯ ಕೊರತೆಯೇ ಹೆಚ್ಚು.

ಆದುದರಿಂದ ಎರಡು ಸಲಹೆಗಳನ್ನು ಮುಂದಿಡಬಹುದು. ಒಂದು, ಪರೀಕ್ಷೆ ಮಾಡಿದವರು ತೇರ್ಗಡೆ, ಅನುತ್ತೀರ್ಣ ಎಂಬ ತೀರ್ಪಿನೊಂದಿಗೆ ಪ್ರತಿ ಚಕ್ರದ ಬ್ರೇಕಿನ ಬಲ, ದೀಪದ ಕೂರಿಕೆ, ಟೈರಿನ ಆಳ, ಹೊಗೆಯ ಗುಣಾಂಕಗಳನ್ನು ಸರಳವಾದ ಕನ್ನಡದಲ್ಲಿ ಬರೆದು ಯಜಮಾನನ ಕೈಗೆ ಕೊಡಬೇಕು. ವೈದ್ಯರು ರಕ್ತದೊತ್ತಡದ ಅಂಕಿಯನ್ನು ಹೇಳಿದರೆ ರೋಗಿ ಮುಂದಿನ ಬಾರಿ ತಾನೇ ಅದನ್ನು ಕೇಳಿ ತಿಳಿದುಕೊಳ್ಳುತ್ತಾನೆ. ವಾಹನದ ವಿಷಯದಲ್ಲಿಯೂ ಹಾಗೆಯೇ. ಎರಡು, ಕಬ್ಬು ಅರೆಯುವ ಹಂಗಾಮಿಗೆ ಮುಂಚೆ ಊರೂರಿನಲ್ಲಿ ದಂಡದ ಭಯವಿಲ್ಲದ ತಪಾಸಣಾ ಶಿಬಿರಗಳು ನಡೆಯಬೇಕು. ಅಲ್ಲಿಗೆ ಕಾರುಗಳೊಂದಿಗೆ ಟ್ರ್ಯಾಕ್ಟರಿನ ಟ್ರೈಲರುಗಳೂ ಬರಬೇಕು. ಹೇರಿನ ಕಬ್ಬಿನ ಸೋಗೆ ಹಿಂದಕ್ಕೆ ಜೋತು ಬಿದ್ದು ಕೆಂಪು ದೀಪವನ್ನೂ ಪ್ರತಿಫಲಕವನ್ನೂ ಮುಚ್ಚಿಬಿಟ್ಟರೆ, ರಾತ್ರಿಯಲ್ಲಿ ಆ ಟ್ರೈಲರು ರಸ್ತೆಯ ನಡುವಣ ಕಪ್ಪು ಗೋಡೆಯೇ ಸರಿ. ಹೊರೆಯ ತುದಿಗೆ ಕಟ್ಟುವ ಪ್ರತಿಫಲಿಸುವ ಕೆಂಪು ಪಟ್ಟಿಗೆ ಆಗುವ ವೆಚ್ಚ ಒಂದು ಹೊರೆ ಕಬ್ಬಿನ ಬೆಲೆಯ ಮುಂದೆ ಗಣನೆಗೆ ಬಾರದು.

ಹೊರಗಿನಿಂದ ಹಳೆಯ ವಾಹನ ತರಬಾರದೆಂದು ಯಾರೂ ಹೇಳುತ್ತಿಲ್ಲ. ತಂದವರು ಅದನ್ನು ಕಚೇರಿಗೆ ಒಯ್ಯುವ ಮೊದಲು ಒಂದು ರಾತ್ರಿ ಗೋಡೆಯ ಮುಂದೆ ನಿಲ್ಲಿಸಿ ದೀಪ ನೋಡಲಿ. ಬ್ರೇಕಿನ ದ್ರವ ಬದಲಿಸಲಿ. ಟೈರಿನ ಅಂಕೆ ಓದಲಿ. ಗಾಳಿಸೋಸುಕ ಬಿಚ್ಚಿ ನೋಡಲಿ. ಇವು ನಾಲ್ಕೂ ಸರಿಯಿದ್ದ ವಾಹನದ ಯಜಮಾನನಿಗೆ ಪರೀಕ್ಷೆಯ ದಿನ ಯಾರಿಂದಲೂ ಏನನ್ನೂ ಎರವಲು ತರುವ ಅಗತ್ಯ ಬೀಳುವುದಿಲ್ಲ. ಬಣ್ಣ ಬೇಕಾದರೆ ಆಮೇಲೆ ಬಳಿಸಿಕೊಳ್ಳಲಿ.