ತೂತಿನ ಬಿಲ್ಲಿ ಗುಜರಿಗೆ ಹಾಕಬೇಡಿರಿ

 

ನಮ್ಮ ಜಿಲ್ಲೆಯ ಇತಿಹಾಸ ಬರೆಯಿರಿ ಅಂದ ಕೂಡಲೇ ನಾವೆಲ್ಲರೂ ಗೋಳಗುಮ್ಮಟ, ಇಬ್ರಾಹಿಂ ರೋಜಾ ಅಂತ ಬರೆಯುತ್ತೇವೆ. ಅವು ದೊಡ್ಡವು, ಬರೆಯಲೇಬೇಕು. ಆದರೆ ನಮ್ಮ ಮನೆಯ ದೇವರ ಜಗಲಿ ಮೇಲೆ, ಆಯಿಯ ಎಲಿ-ಅಡಕಿ ಚೀಲದಾಗ ಒಂದು ಸಣ್ಣ ಇತಿಹಾಸ ಇರುತ್ತದೆ. ಅದೇ ತೂತಿನ ಬಿಲ್ಲಿ. ಅದನ್ನು ಗುಜರಿಗೆ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ, ಓದಿರಿ.

ಇದು ಬ್ರಿಟಿಷರ ಕಾಲದ ಒಂದು ಪೈಸೆ. ಆಗ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ನಾಲ್ಕು ಪೈಸೆ ಸೇರಿದರೆ ಒಂದು ಆಣೆ. ಅಂದರೆ ಒಂದು ರೂಪಾಯಿಗೆ 64 ಪೈಸೆ. ಮೊದಲು ಈ ಪೈಸೆಗೆ ತೂತು ಇರಲಿಲ್ಲ. ಸುಮಾರು 5 ಗ್ರಾಂ ತೂಕದ ದಪ್ಪ ನಾಣ್ಯ ಇತ್ತು, ಅದರ ಮೇಲೆ ರಾಜನ ತಲೆ ಇತ್ತು.

1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ನಮ್ಮ ದೇಶದ ನಾಯಕರನ್ನು ಒಂದು ಮಾತೂ ಕೇಳದೆ ವೈಸರಾಯ್ ಲಿನ್‌ಲಿತ್‌ಗೋ ನಮ್ಮನ್ನೂ ಯುದ್ಧಕ್ಕೆ ಸೇರಿಸಿದನು. ಗುಂಡು, ಮದ್ದುಗುಂಡಿನ ಕೊಳವೆಗೆಲ್ಲ ತಾಮ್ರ ಬೇಕಾಯಿತು. ಇತ್ತ ಸಂತೆಯಲ್ಲಿ ಚಿಲ್ಲರೆ ಸಿಗದಂತಾಯಿತು. ಅದಕ್ಕೆ ಸರಕಾರ 1943ರಲ್ಲಿ ಪೈಸೆಯನ್ನು ತೆಳ್ಳಗೆ ಮಾಡಿ, ನಡುವೆ ದೊಡ್ಡ ತೂತು ಕೊರೆದು ಹೊರಡಿಸಿತು. ತೂಕ ಸುಮಾರು 2 ಗ್ರಾಂಗೆ ಇಳಿಯಿತು. ಹಳೆಯ ಒಂದು ಪೈಸೆಯ ಲೋಹದಲ್ಲಿ ಹೊಸದು ಎರಡು ಮಾಡಿ ಇನ್ನೂ ಸ್ವಲ್ಪ ಉಳಿಯುತ್ತಿತ್ತು! ತೂತು ಬಂದ ಮೇಲೆ ರಾಜನ ತಲೆಗೆ ಜಾಗವೇ ಉಳಿಯಲಿಲ್ಲ, ಬರೀ ಕಿರೀಟ ಉಳಿಯಿತು.

ಆಗ ನಮ್ಮದು ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆ. 1942-43ರಲ್ಲಿ ಇಲ್ಲಿ ಬರಗಾಲ ಬಿದ್ದಿತ್ತು. ಯುದ್ಧ ಎಲ್ಲೋ ದೂರದಲ್ಲಿ ನಡೆದಿತ್ತು ಅಂತ ನಾವು ತಿಳಿಯುತ್ತೇವೆ. ಆದರೆ ಬರದಾಗ ಜ್ವಾಳಾ ಕೊಳ್ಳಲು ಹೋದ ಮಂದಿಯ ಕೈಯೊಳಗಿನ ಪೈಸೆಗೂ ಯುದ್ಧ ತೂತು ಹಾಕಿತ್ತು. ಇದನ್ನು ಯಾವ ಗುಮ್ಮಟವೂ ಹೇಳುವುದಿಲ್ಲ, ಈ ಬಿಲ್ಲಿ ಹೇಳುತ್ತದೆ.

ಎಲ್ಲ ತೂತಿನ ಬಿಲ್ಲಿ ಒಂದೇ ಅಂತ ತಿಳಿಯಬೇಡಿರಿ. ಮೊದಲು ಇಸವಿ ನೋಡಬೇಕು. 1943ರಿಂದ 1947ರ ನಡುವಿನ ಇಸವಿ ಇರುತ್ತದೆ. ಆಮೇಲೆ ಟಂಕಸಾಲೆಯ ಗುರುತು ಹುಡುಕಬೇಕು. ಸಣ್ಣ ಚುಕ್ಕಿ ಅಥವಾ ವಜ್ರದ ಆಕಾರ ಇದ್ದರೆ ಮುಂಬಯಿಯದು. ಇಂಗ್ಲಿಷಿನ ‘ಎಲ್’ ಅಕ್ಷರ ಇದ್ದರೆ ಲಾಹೋರಿನದು. ಕಲಕತ್ತೆಯದಕ್ಕೆ ಗುರುತು ಇರುವುದಿಲ್ಲ. ಆಮೇಲೆ ಕಿರೀಟ ನೋಡಬೇಕು. ಕೆಲವದರ ತಲೆ ಚಪ್ಪಟೆ, ಕೆಲವದರದು ದುಂಡಗೆ ಎತ್ತರ. ನಮ್ಮ ಮನೆಯದು 1943ನೇ ಇಸವಿಯದು, ಚುಕ್ಕಿ ಐತಿ. ಬಬಲೇಶ್ವರದ ನಮ್ಮ ಮಾಮಾನ ಮನೆಯದು 1944ರದು, ‘ಎಲ್’ ಐತಿ. ಲಾಹೋರ್ 1947ರಲ್ಲಿ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿ ಅಚ್ಚಾದ ಪೈಸೆ ಬಬಲೇಶ್ವರದಾಗ ಕುಂತೈತಿ ಅಂದರೆ ಸೋಜಿಗ ಅಲ್ಲವೇ?

1957ರ ಎಪ್ರಿಲ್ 1ರಂದು ರೂಪಾಯಿಗೆ 100 ನಯೇ ಪೈಸೆ ಲೆಕ್ಕ ಬಂತು. ನಿಧಾನವಾಗಿ ತೂತಿನ ಬಿಲ್ಲಿ ಸಂತೆ ಬಿಟ್ಟು ಮನೆ ಸೇರಿತು. ನಮ್ಮ ಆಯಿ ಕೂಸಿದ್ದಾಗ ಅವಳ ಉಡದಾರಕ್ಕೆ ಇದನ್ನೇ ಪೋಣಿಸಿದ್ದರಂತೆ. ಕೆಲವರು ಬೋಲ್ಟಿಗೆ ವಾಷರ್ ಮಾಡಿ ಹಾಕಿದರಂತೆ.

ಈಗ ಏನಾಗುತ್ತಿದೆ? ಗುಜರಿಯವರು ಬಂದಾಗ ಹಳೆಯ ತಾಮ್ರದ ಕೊಡದ ಜೊತೆ ಇದನ್ನೂ ತೂಕಕ್ಕೆ ಹಾಕುತ್ತಾರೆ. ಎರಡು ಗ್ರಾಂಗೆ ಎಷ್ಟು ರೊಕ್ಕ ಬಂದೀತು? ಒಂದು ಪೆಪ್ಪರಮೆಂಟೂ ಬರುವುದಿಲ್ಲ.

ಇನ್ನು ಕೆಲವರು, ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ ಅಂತ ಮೊಬೈಲಿಗೆ ಬರುವ ಸಂದೇಶ ನಂಬುತ್ತಾರೆ. ನಮ್ಮ ಓಣಿಯ ಒಬ್ಬರು ಹೀಗೆಯೇ ನಂಬಿ, ಮೊದಲು ಶುಲ್ಕ ಕಟ್ಟಿರಿ ಅಂದದ್ದಕ್ಕೆ 1,500 ರೂಪಾಯಿ ಕಳಿಸಿದರು. ಆಮೇಲೆ ಆ ನಂಬರು ಹತ್ತಲೇ ಇಲ್ಲ. ಅವು ದ್ರಾಕ್ಷಿ ತೋಟದ ಕೂಲಿ ರೊಕ್ಕ. ಹಳೆಯ ನಾಣ್ಯ ಕೊಳ್ಳುವ ವ್ಯವಹಾರದಲ್ಲಿ ನಾವು ಇಲ್ಲ, ನಮ್ಮ ಹೆಸರಿನಲ್ಲಿ ಶುಲ್ಕ ಕೇಳಿದರೆ ಕೊಡಬೇಡಿರಿ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ನಾವೇ ವಿಚಾರ ಮಾಡೋಣ. ಕೋಟಿಗಟ್ಟಲೆ ಅಚ್ಚು ಹಾಕಿದ ಪೈಸೆಗೆ ಲಕ್ಷ ರೂಪಾಯಿ ಯಾರು ಕೊಟ್ಟಾರು? ಮನೆಯಲ್ಲಿ ಫೋನು ನೋಡುವವರು ನಾವೇ. ಆದ್ದರಿಂದ ದೊಡ್ಡವರಿಗೆ ಇದನ್ನು ಹೇಳುವುದು ನಮ್ಮ ಕೆಲಸ.

ಶಾಲೆಗೆ ಬಿಲ್ಲಿ ತರೋಣ ಅಂದರೆ ಮನೆಯಲ್ಲಿ ಕೊಡುವುದಿಲ್ಲ. “ದೇವರ ಮುಂದಿಂದು ಹೊರಗ ಒಯ್ಯಬ್ಯಾಡ” ಅಂತ ನಮ್ಮ ಆಯಿ ಅಂತಾಳ. ಅವಳು ಹೇಳುವುದೂ ಖರೆ ಐತಿ. ಅದಕ್ಕೆ ನನ್ನದೊಂದು ಸೂಚನೆ. ಬಿಲ್ಲಿ ಮನೆಯಲ್ಲೇ ಇರಲಿ, ಅಚ್ಚು ಶಾಲೆಗೆ ಬರಲಿ. ತೆಳು ಹಾಳೆಯನ್ನು ಬಿಲ್ಲಿಯ ಮೇಲೆ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿರಿ. ಕಿರೀಟ, ಇಸವಿ ಎಲ್ಲ ಮೂಡುತ್ತವೆ. ಬಿಲ್ಲಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ, ಅಕ್ಷರ ಸವೆಯುತ್ತವೆ. ಹಾಳೆಯ ಕೆಳಗೆ ಇಸವಿ, ಗುರುತು, ಯಾರ ಮನೆಯದು, ಆ ಮನೆಯಲ್ಲಿ ಅದನ್ನು ಯಾತಕ್ಕೆ ಬಳಸಿದರು ಎಂದು ಬರೆಯಿರಿ. ಸಮಾಜ ವಿಜ್ಞಾನದ ಗುರುಗಳು ಒಂದು ದೊಡ್ಡ ಡ್ರಾಯಿಂಗ್ ಶೀಟ್ ಕೊಟ್ಟರೆ ಎಲ್ಲವನ್ನೂ ಅಂಟಿಸಿ ಇದೇ ಗೋಡೆಗೆ ಹಚ್ಚಬಹುದು.

ಆದರೆ ತಡ ಮಾಡಬಾರದು. 1943ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಈ ಪೈಸೆ ಕೊಟ್ಟು ಸಂತೆ ಮಾಡಿದವರು ಊರಿನಲ್ಲಿ ಒಬ್ಬರೋ ಇಬ್ಬರೋ ಉಳಿದಿದ್ದಾರು. ಬಿಲ್ಲಿ ಪೆಟ್ಟಿಗೆಯಲ್ಲಿ ಇನ್ನೂ ನೂರು ವರ್ಷ ಇರುತ್ತದೆ, ಅವರ ಮಾತು ಇರುವುದಿಲ್ಲ. ಈ ರವಿವಾರ ಅವರ ಹತ್ತಿರ ಹೋಗಿ, ಒಂದು ತೂತಿನ ಬಿಲ್ಲಿಗೆ ಏನೇನು ಬರುತ್ತಿತ್ತು ಅಂತ ಕೇಳಿ ಬರೆದುಕೊಂಡು ಬರ್ರಿ.

— 7ನೇ ಇಯತ್ತೆ ವಿದ್ಯಾರ್ಥಿ