ಒಂದೇ ಹೊಳ್ಳೆಯ ಕೀವು ನೆಗಡಿಯಲ್ಲ

ಮಕ್ತಲ್, ನಾರಾಯಣಪೇಟೆಯ ಹೊಲಗಳಲ್ಲಾಗಲಿ, ಕೃಷ್ಣಾ–ತುಂಗಭದ್ರೆಗಳ ನಡುವಿನ ಗದ್ವಾಲದ ನಡಿಗಡ್ಡೆಯಲ್ಲಾಗಲಿ, ಎತ್ತಿನ ಮೂಗು ಸೋರಿದರೆ ನೆಗಡಿಯೆಂದು ಬಿಡುವುದು ವಾಡಿಕೆ. ಎರಡೂ ಹೊಳ್ಳೆಗಳಿಂದ ತೆಳುವಾದ ನೀರಿಳಿದು ಕೆಲವು ದಿನಗಳಲ್ಲಿ ನಿಂತರೆ ಚಿಂತೆಯಿಲ್ಲ. ಒಂದೇ ಹೊಳ್ಳೆಯಿಂದ ನಾರುವ ದಪ್ಪ ಕೀವು ವಾರಗಟ್ಟಲೆ ಇಳಿಯುತ್ತಿದ್ದರೆ ಅದು ಸೈನಸ್ಸಿನ ಸೋಂಕಿನ ಲಕ್ಷಣ.

ದನದ ಹಣೆಯ ಎಲುಬಿನೊಳಗೆ ಗಾಳಿ ತುಂಬಿದ ಟೊಳ್ಳುಗಳಿವೆ, ಇವೇ ಸೈನಸ್ಸುಗಳು. ಕರು ಆರು ತಿಂಗಳು ದಾಟಿ ಬೆಳೆದಂತೆ ಈ ಟೊಳ್ಳು ಕೊಂಬಿನೊಳಕ್ಕೂ ಹಬ್ಬುತ್ತದೆ. ಆದ್ದರಿಂದ ಬೆಳೆದ ದನದ ಕೊಂಬು ಕತ್ತರಿಸಿದರೆ, ಇಲ್ಲವೆ ಬುಡಕ್ಕೆ ಮುರಿದರೆ, ತಲೆಯೊಳಕ್ಕೆ ಬಾಗಿಲು ತೆರೆದಂತಾಗುತ್ತದೆ. ಧೂಳು, ಹೊಟ್ಟು, ಹುಳು ಒಳಸೇರುತ್ತವೆ. ಮೇಲಿನ ಗಾಯ ಮಾಯ್ದ ತಿಂಗಳುಗಳ ನಂತರವೂ ಒಳಗಿನ ಕೀವು ರೋಗವಾಗಿ ತಲೆಯೆತ್ತಬಹುದು. ಮೇಲ್ದವಡೆಯ ಹಲ್ಲು ಕೊಳೆತರೂ ಕೆನ್ನೆಯ ಸೈನಸ್ಸಿಗೆ ಸೋಂಕು ತಗಲುತ್ತದೆ.

ರೋಗಪೀಡಿತ ದನ ತಲೆ ವಾಲಿಸಿ ನಿಲ್ಲುತ್ತದೆ, ಕಣ್ಣು ಅರೆಮುಚ್ಚುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಹಣೆಯ ಎರಡೂ ಬದಿಗಳನ್ನು ಬೆರಳಿನಿಂದ ಮೆಲ್ಲನೆ ಬಡಿದು ನೋಡಬೇಕು. ಕೀವು ತುಂಬಿದ ಬದಿಯ ಸದ್ದು ಮಂದವಾಗಿರುತ್ತದೆ. ನಿರ್ಲಕ್ಷಿಸಿದರೆ ಸೋಂಕು ಮಿದುಳಿನ ಪೊರೆಗೂ ತಲುಪಬಹುದು.

ಹಳೆಯ ಸೋಂಕು ಬರೀ ಸೂಜಿಮದ್ದಿಗೆ ಬಗ್ಗುವುದು ಕಷ್ಟ. ಪಶುವೈದ್ಯರು ಅರಿವಳಿಕೆ ನೀಡಿ, ಹಣೆಯ ಎಲುಬಿಗೆ ಸಣ್ಣ ರಂಧ್ರ ಕೊರೆದು ಕೀವನ್ನು ಹೊರಗೆಡವಿ, ಹಲವು ದಿನ ತೊಳೆಯುತ್ತಾರೆ; ಜೊತೆಗೆ ಆಂಟಿಬಯೋಟಿಕ್ ಮತ್ತು ನೋವಿನ ಔಷಧ ಕೊಡುತ್ತಾರೆ. ಅವರು ಹೇಳಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಮಾರಬಾರದು, ಕುಡಿಯಲೂಬಾರದು.

ವಯಸ್ಸಾದ ಎತ್ತು ಪದೇ ಪದೇ ತಲೆ ಕೊಡವುತ್ತಿದ್ದರೆ, ಕೊಂಬನ್ನು ಕಂಬಕ್ಕೆ ಉಜ್ಜುತ್ತಿದ್ದರೆ, ಅದೇ ಬದಿಯ ಹೊಳ್ಳೆಯಿಂದ ರಕ್ತ ಸೋರಿ ಕೊಂಬು ವಾಲುತ್ತಿದ್ದರೆ ಅದು ಕೊಂಬಿನ ಕ್ಯಾನ್ಸರ್ ಇರಬಹುದು. ಅದಕ್ಕೆ ಬೇಗನೆ ಶಸ್ತ್ರಚಿಕಿತ್ಸೆಯಾಗಬೇಕು.

ಕೊಂಬು ಬೇಡವೆನ್ನುವವರು ಎಳೆಗರುವಿಗೆ ಎರಡು ತಿಂಗಳು ತುಂಬುವ ಮೊದಲೇ, ಕೊಂಬಿನ ಮೊಗ್ಗು ತಲೆಬುರುಡೆಗೆ ಅಂಟುವ ಮುನ್ನ, ವೈದ್ಯರಿಂದ ಸುಡಿಸುವುದು ಲೇಸು. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆ ಕೊಂಬು ತೆಗೆಯುವುದಕ್ಕೆ ವಿನಾಯಿತಿ ಕೊಟ್ಟಿರುವುದು ನಿಗದಿತ ರೀತಿಯಲ್ಲಿ ಮಾಡಿದಾಗ ಮಾತ್ರ. ಬೆಳೆದ ಎತ್ತನ್ನು ಕೆಡವಿ, ಅರಿವಳಿಕೆಯಿಲ್ಲದೆ ಗರಗಸ ಹಚ್ಚುವುದು ಆ ರೀತಿಯಲ್ಲ. ಕಾನೂನಿನ ಕಣ್ಣಿಗೆ ತಪ್ಪಾದುದೇ ಇಲ್ಲಿ ರೋಗಕ್ಕೂ ಬೀಜವಾಗುತ್ತದೆ.

ತೆಲಂಗಾಣದಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸೇವೆ ದೊರೆಯುತ್ತದೆ. ಕೀವು ಯಾವ ಹೊಳ್ಳೆಯಿಂದ, ಎಷ್ಟು ದಿನದಿಂದ, ಕೊಂಬಿಗೆ ಪೆಟ್ಟು ಬಿದ್ದುದು ಯಾವಾಗ ಎಂಬ ಮೂರು ಮಾತುಗಳನ್ನು ಕನ್ನಡದಲ್ಲೋ ತೆಲುಗಿನಲ್ಲೋ ರೈತನು ಸ್ಪಷ್ಟವಾಗಿ ತಿಳಿಸಿದರೆ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ. ಮೂಕ ಪ್ರಾಣಿಯ ಪರವಾಗಿ ಸಾಕ್ಷಿ ನುಡಿಯಬಲ್ಲವನು ಅದನ್ನು ಸಾಕಿದವನೊಬ್ಬನೇ.